ತಣ್ಣಗಿದ್ದಾಗ ಕೇಳಬೇಕು

ಹಳೆಯ ಪಿಕಪ್ ಗಾಡಿ ಕೊಳ್ಳಲು ಹೋದವರು ಮೊದಲು ಮುಟ್ಟಬೇಕಾದದ್ದು ಬಾನೆಟ್ಟನ್ನು. ಅಂಗೈ ಅಗಲಿಸಿ ಇಟ್ಟು ನೋಡಬೇಕು. ತಣ್ಣಗಿದ್ದರೆ ಮುಂದಿನ ಮಾತು. ಬೆಚ್ಚಗಿದ್ದರೆ ಮಾರುವವರು ಕೊಟ್ಟ ಕಾಫಿ ಕುಡಿದು, ನೆರಳು ನೋಡಿಕೊಂಡು ಕೂತುಬಿಡಬೇಕು. ಎಂಜಿನ್ ಆರಲಿ. ಎಷ್ಟು ಹೊತ್ತಾದರೂ ಆಗಲಿ.

ಇದನ್ನು ಬರೆಯುತ್ತಿರುವ ನಾನು ಮೆಕ್ಯಾನಿಕ್ ಅಲ್ಲ. ಸ್ಪ್ಯಾನರ್ ಹಿಡಿದವಳೂ ಅಲ್ಲ. ಕನಕಪುರದಲ್ಲಿ ರಾಮನಗರದ ಕಡೆ ಹೋಗುವ ರಸ್ತೆಯ ಮಗ್ಗುಲಿಗೆ ನಮ್ಮವರದೊಂದು ಡೀಸೆಲ್ ಗಾಡಿಗಳ ಷೆಡ್ಡು ಇತ್ತು. ಅವರನ್ನು ಊರು ಮಾದಣ್ಣ ಅನ್ನುತ್ತಿತ್ತು, ನನ್ನನ್ನು ಕಾನ್ವೆಂಟಮ್ಮ ಅನ್ನುತ್ತಿತ್ತು. ಹನ್ನೊಂದು ವರ್ಷ ನಾನು ಆ ಷೆಡ್ಡಿನಲ್ಲಿ ಒಂದು ಕೆಲಸ ಮಾಡಿದೆ. ಅದು ಕೆಲಸವೆಂದು ನಮ್ಮಿಬ್ಬರನ್ನು ಬಿಟ್ಟು ಯಾರಿಗೂ ಗೊತ್ತಿರಲಿಲ್ಲ. ಹೋದ ತಿಂಗಳು ಷೆಡ್ಡಿನ ಸಾಮಾನು ನೋಡಲು ಐಟಿಐ ಓದುವ ಇಬ್ಬರು ಹೆಣ್ಣುಮಕ್ಕಳು ಬಂದಿದ್ದರು. ಗೋಡೆಗೆ ನೇತುಹಾಕಿದ್ದ ಉದ್ದನೆಯ ಸ್ಕ್ರೂಡ್ರೈವರ್ ಎತ್ತಿಕೊಂಡು, "ಆಂಟಿ, ಇದರ ಹಿಡಿಯ ಮೇಲೆ ಹಲ್ಲಿನ ಗುರುತು ಯಾಕಿದೆ?" ಅಂತ ಕೇಳಿದರು. ಆಗ ಏನೋ ಹೇಳಿ ಕಳಿಸಿದೆ. ಸರಿಯಾದ ಉತ್ತರ ಇಲ್ಲಿ ಬರೆಯುತ್ತೇನೆ.

ಎಂಜಿನ್ನಿನ ಒಳಗಿನ ಸದ್ದು ಹಿಡಿಯಲು ಹಳೆಯ ಮೆಕ್ಯಾನಿಕ್ಕುಗಳು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಊರಿ, ಹಿಡಿಯನ್ನು ಕಿವಿಗೆ ಒತ್ತಿಕೊಳ್ಳುತ್ತಾರೆ. ಡಾಕ್ಟರ ಸ್ಟೆತಾಸ್ಕೋಪಿನ ಹಾಗೆ. ನಮ್ಮವರು ಅದರಲ್ಲಿ ಹೆಸರಾದವರು. "ಮಾದಣ್ಣ ಕಿವಿ ಕೊಟ್ರೆ ಮುಗೀತು ಕಣ್ಲಾ, ಬಿಚ್ಚೋದೇ ಬ್ಯಾಡ" ಅನ್ನುತ್ತಿದ್ದರು. ಹಳೆ ಗಾಡಿ ಕೊಳ್ಳುವವರು ರಾಮನಗರ, ಚನ್ನಪಟ್ಟಣ, ಮಾಗಡಿಯಿಂದೆಲ್ಲ ಬಂದು, ಒಂದು ಸಲ ಬಂದು ಕೇಳಿಬಿಡಿ ಅಂತ ಇವರನ್ನು ಕರೆದುಕೊಂಡು ಹೋಗುತ್ತಿದ್ದರು.

ಮಧ್ಯಾಹ್ನ ಊಟದ ಡಬ್ಬಿ ತೆಗೆದುಕೊಂಡು ಹೋಗುತ್ತಿದ್ದವಳು ನಾನು. ಒಂದು ವರ್ಷ ನೋಡನೋಡುತ್ತ ಆ ಸ್ಕ್ರೂಡ್ರೈವರಿನ ಹಿಡಿ ಜಾಗ ಬದಲಿಸುತ್ತಾ ಬಂತು. ಮೊದಲು ಬಲಗಿವಿಯಲ್ಲಿತ್ತು. ಆಮೇಲೆ ಎಡಗಿವಿಗೆ ಹೋಯಿತು. ಆಮೇಲೆ ಕಿವಿಯ ಹಿಂದಿನ ಎಲುಬಿಗೆ. ಒಂದು ದಿನ ನೋಡುತ್ತೇನೆ, ಹಿಡಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಕಣ್ಣು ಮುಚ್ಚಿ ಬಾಗಿದ್ದಾರೆ. ಮನೆಯಲ್ಲಿ ಕುಕ್ಕರ್ ಎಷ್ಟು ಸಲ ಕೂಗಿದರೂ ತಲೆ ಎತ್ತದಿದ್ದದ್ದು, ನಾನು ಏನು ಕೇಳಿದರೂ "ಹ್ಞೂಂ" ಅನ್ನುತ್ತಿದ್ದದ್ದು, ಎಲ್ಲ ಆ ಕ್ಷಣಕ್ಕೆ ಸೇರಿಕೊಂಡಿತು. ಡಬ್ಬಿ ಕೆಳಗಿಟ್ಟು ಎದುರಿಗೆ ಹೋಗಿ ನಿಂತೆ.

"ರೀ, ನಿಮಗೆ ಕೇಳಿಸ್ತಾ ಇಲ್ಲ, ಅಲ್ವಾ?"

ಅವರು ನನ್ನ ತುಟಿ ನೋಡಿದರು. ಸ್ಕ್ರೂಡ್ರೈವರ್ ಒರೆಸಿದರು. "ಹಲ್ಲಲ್ಲಿ ಒಸಿ ಕೇಳ್ತದೆ" ಅಂದರು. ಅದನ್ನು ಗೋಡೆಗೆ ನೇತುಹಾಕುತ್ತ, "ಯಾರ್ಗೂ ಯೋಳ್ಬ್ಯಾಡ ಕಣಮ್ಮಿ. ಕಿವುಡನ ತವ ಯಾರು ಗಾಡಿ ತತ್ತಾರೆ?"

ಬೆಂಗಳೂರಿಗೆ ಹೋಗಿ ಕಿವಿಯ ಮೆಷಿನ್ನೂ ತಂದೆವು. ಷೆಡ್ಡಿನಲ್ಲಿ ಹಾಕಿಕೊಂಡರೆ ತಗಡಿನ ಮೇಲೆ ಜಲ್ಲಿ ಸುರಿದ ಹಾಗಾಗುತ್ತದೆ ಅಂದರು. ಅದಕ್ಕಿಂತ ಹೆಚ್ಚಾಗಿ, ಹಾಕಿಕೊಂಡರೆ ಊರಿಗೆ ಕಾಣಿಸುತ್ತಿತ್ತು. ಅದು ನನ್ನ ಕುಂಕುಮದ ಭರಣಿಯ ಪಕ್ಕದಲ್ಲಿ ಹಾಗೇ ಉಳಿಯಿತು.

ನಾನು ಓದಿದ ಕಾನ್ವೆಂಟಿನಲ್ಲಿ ಹಾಡು ಕಲಿಸುತ್ತಿದ್ದ ಸಿಸ್ಟರ್ ಒಬ್ಬರಿದ್ದರು. ನಲವತ್ತು ಹುಡುಗಿಯರು ಒಟ್ಟಿಗೆ ಹಾಡುವಾಗ ಒಬ್ಬಳ ದನಿ ಕೂದಲೆಳೆಯಷ್ಟು ತಪ್ಪಿದರೂ ಅವರ ಕತ್ತು ಅತ್ತ ತಿರುಗುತ್ತಿತ್ತು. "ಎಲ್ಲರನ್ನೂ ಕೇಳಬೇಡ, ಸೇರದೆ ಇರುವವಳನ್ನು ಕೇಳು" ಅನ್ನುತ್ತಿದ್ದರು. ಅವರು ಕಲಿಸಿದ ಹಾಡುಗಳೆಲ್ಲ ಮರೆತು ಹೋಗಿವೆ. ಆ ಕೇಳುವ ಅಭ್ಯಾಸ ಮಾತ್ರ ಡೀಸೆಲ್ ವಾಸನೆಯ ನಡುವೆ ಉಪಯೋಗಕ್ಕೆ ಬಂತು.

ನನಗೆ ಎಂಜಿನ್ನಿನ ಭಾಗಗಳ ಹೆಸರು ಬರುತ್ತಿರಲಿಲ್ಲ. ಅಡುಗೆಮನೆಯ ಮಾತಿನಲ್ಲಿ ಹೇಳುತ್ತಿದ್ದೆ. ಹೊಲಿಗೆ ಮೆಷಿನ್ ತುಳಿದ ಹಾಗೆ ಟಿಕಟಿಕ ಅಂದರೆ, "ಟ್ಯಾಪೆಟ್ಟು, ಏನೂ ಇಲ್ಲ ಬುಡು" ಅನ್ನುತ್ತಿದ್ದರು. ರಾಗಿ ಬೀಸುವ ಕಲ್ಲಿನ ಹಾಗೆ ಅಂದರೆ ಬೇರಿಂಗು. ಸಾಸಿವೆ ಸಿಡಿದ ಹಾಗೆ ಅಂದರೆ ಡೀಸೆಲ್ ಚಿಮ್ಮುವ ನಾಝಲ್ಲು. ಒರಳಲ್ಲಿ ಕುಟ್ಟಿದ ಹಾಗೆ ಅಂದರೆ ಅವರ ಮುಖ ಗಂಭೀರವಾಗುತ್ತಿತ್ತು, "ಮೇಲ್ಗಡೆಯೋ, ತಳದಲ್ಲೋ?" ಅಂತ ಕೇಳುತ್ತಿದ್ದರು. ಹೀಗೆ ಎರಡು ವರ್ಷ ಅವರು ನನಗೆ ಗುರು. ತಪ್ಪಿದರೆ ಬಯ್ಯುತ್ತಿರಲಿಲ್ಲ. ಎಂಜಿನ್ ನಿಲ್ಲಿಸಿ, ಪುನಃ ಚಾಲೂ ಮಾಡುತ್ತಿದ್ದರು, ಅಷ್ಟೇ.

ಗಿರಾಕಿಗಳ ಮುಂದೆ ಮಾತಿಲ್ಲ. ನನ್ನ ಬೆರಳು ಅವರ ಮಣಿಕಟ್ಟಿನ ಮೇಲೆ. ಒಂದು ಸಲ ಒತ್ತಿದರೆ ಬೇಡ, ಎರಡು ಸಲ ಒತ್ತಿದರೆ ತೆಗೆದುಕೊಳ್ಳಬಹುದು. ಅವರು ಸ್ಕ್ರೂಡ್ರೈವರನ್ನು ಕಿವಿಗೆ ಇಟ್ಟುಕೊಂಡು ಬಾಗುತ್ತಿದ್ದರು, ಕೇಳುತ್ತಿದ್ದವಳು ಪಕ್ಕದಲ್ಲಿ ಸೆರಗು ಹೊದ್ದು ನಿಂತ ನಾನು. ಹೆಂಡತಿ ಯಾಕೆ ಜೊತೆಗೆ ಬರುತ್ತಾಳೆ ಅಂತ ಕೇಳಿದವರಿಗೆ, "ಗಾಡಿ ಪೇಪರೆಲ್ಲ ಇಂಗ್ಲಿಷಲ್ಲಿರ್ತವೆ, ಓದಕ್ಕೆ ನಮ್ಮವಳು" ಅನ್ನುತ್ತಿದ್ದರು. ನಾನೂ ಕನ್ನಡಕ ಏರಿಸಿ ಆರ್‌ಸಿ, ಇನ್ಶೂರೆನ್ಸ್ ಗಟ್ಟಿಯಾಗಿ ಓದಿ ಹೇಳುತ್ತಿದ್ದೆ. "ಕಾನ್ವೆಂಟಮ್ಮ ಇಲ್ದೆ ಮಾದಣ್ಣಂಗೆ ಬಾನೆಟ್ಟೂ ಎತ್ತಕ್ಕಾಗಕಿಲ್ಲ" ಅಂತ ನಗುತ್ತಿದ್ದರು. ನಾವೂ ನಗುತ್ತಿದ್ದೆವು.

ನನ್ನ ಮೊದಲ ಎಡವಟ್ಟು ಮಾಗಡಿಯಲ್ಲಿ. ಹೂವು ಸಾಗಿಸುವವರೊಬ್ಬರಿಗಾಗಿ ಗಾಡಿ ನೋಡಲು ಹೋಗಿದ್ದೆವು. ಎಂಜಿನ್ನಿನಲ್ಲಿ ಲೋಹ ಲೋಹಕ್ಕೆ ತಾಗುವ ಸದ್ದು ಬಂತು. ಒಂದು ಸಲ ಒತ್ತಿದೆ. ಇವರು "ಒಳಗೆ ಒಡೆದದೆ, ಬ್ಯಾಡ" ಅಂದುಬಿಟ್ಟರು. ಮಾರುವವನು ಸೀಟು ಎತ್ತಿ, ಅಡಿಯಲ್ಲಿ ಕುಣಿಯುತ್ತಿದ್ದ ಸ್ಟೀಲ್ ಡಬ್ಬಿಯ ಮುಚ್ಚಳ ತೆಗೆದು ಇವರ ಕೈಗಿಟ್ಟ. "ತಕ್ಕಳಣ್ಣ, ಒಡೆದೋಗಿರೋದು ಇದೇ. ನಮ್ಮಾಕೆ ಮೂರು ದಿನದಿಂದ ಹುಡುಕ್ತಾವ್ಳೆ." ಕಲಿಯುವವರಿಗೆ ಇಲ್ಲೊಂದು ಮಾತು: ಕೇಳುವ ಮೊದಲು ಗಾಡಿಯ ಒಳಗಿರುವ ಬಾಟಲಿ, ಡಬ್ಬಿ, ಜಾಕು ಎಲ್ಲ ಕೆಳಗಿಳಿಸಿ.

ಇನ್ನೊಂದು ಸಲ, ಚನ್ನಪಟ್ಟಣದ ಬೊಂಬೆ ವ್ಯಾಪಾರದ ಅನ್ವರ್ ಸಾಹೇಬರು ಕರೆದಿದ್ದರು. ಗಾಡಿ ಹೊಸ ಮದುಮಗನ ಹಾಗಿತ್ತು. ಸೀಟಿಗೆ ಹೊಸ ಬಟ್ಟೆ, ಕನ್ನಡಿಗೆ ಮಲ್ಲಿಗೆ ಹಾರ. ಸದ್ದೂ ಚೆನ್ನಾಗಿಯೇ ಇತ್ತು. ಆದರೆ ಕ್ಲಚ್ಚಿನ ಪೆಡಲ್ಲಿನ ರಬ್ಬರ್ ಸವೆದು ಕಬ್ಬಿಣ ಹೊಳೆಯುತ್ತಿತ್ತು. ಮೀಟರ್ ನೋಡಿದರೆ ಗಾಡಿ ಓಡಿಯೇ ಇಲ್ಲ ಅನ್ನುತ್ತಿತ್ತು. ನಾನು ಎಂಜಿನ್ ಆಯಿಲ್ ಹಾಕುವ ಮುಚ್ಚಳ ತಿರುವಿ ನೋಡಿದೆ. ಅದರ ಒಳಮೈಯಲ್ಲಿ ಕಡೆದ ಮಜ್ಜಿಗೆಯ ನೊರೆಯ ಹಾಗೆ ಬಿಳಿ ಕಟ್ಟಿತ್ತು. ಆಯಿಲ್ಲಿಗೆ ನೀರು ಸೇರಿದರೆ ಹಾಗಾಗುತ್ತದೆ. ಅನ್ವರ್ ಸಾಹೇಬರು ಬಗ್ಗಿ ನೋಡಿ, "ಯಾ ಅಲ್ಲಾ, ಭಾಬಿ, ಇದು ಗಾಡಿನೋ ಹೋಟ್ಲೋ?" ಅಂದರು. ಮಾರುವವನೂ ನಕ್ಕುಬಿಟ್ಟ. ಷೆಡ್ಡು ಮುಚ್ಚುವವರೆಗೂ ಅವರು ನಮ್ಮನ್ನು ಕಂಡಾಗಲೆಲ್ಲ "ಮಜ್ಜಿಗೆ ಬೇಕಾ ಭಾಬಿ?" ಅನ್ನುತ್ತಿದ್ದರು.

ಈಗಿನ ಗಾಡಿಗಳಿಗೆ ಒಂದು ಪೆಟ್ಟಿಗೆಯ ವೈರು ಸಿಕ್ಕಿಸಿದರೆ ಸಾಕು, ತಪ್ಪೆಲ್ಲ ಪರದೆಯ ಮೇಲೆ ಬರುತ್ತದೆ. ಒಳ್ಳೆಯದೇ. ಆ ಪೆಟ್ಟಿಗೆಗೆ ದಾಕ್ಷಿಣ್ಯ ಇರುವುದಿಲ್ಲ. ನನಗಿತ್ತು. ಅದನ್ನು ಹೇಳುವುದಕ್ಕೇ ಇಷ್ಟು ದೂರ ಬಂದದ್ದು.

ಮರಳವಾಡಿಯ ಕಡೆಯ ಸಿದ್ದರಾಜು ಬೇರೆಯವರ ಗಾಡಿ ಓಡಿಸಿಕೊಂಡಿದ್ದವನು. ರಿಪೇರಿಗೆಂದು ನಮ್ಮ ಷೆಡ್ಡಿಗೆ ಬಂದು ಬಂದು ಮನೆಯವನ ಹಾಗಾಗಿದ್ದ. ಅವನ ಹೆಂಡತಿ ಭಾಗ್ಯ ನನ್ನನ್ನು ಅಕ್ಕ ಅನ್ನುತ್ತಿದ್ದಳು. ಬಂದಾಗಲೆಲ್ಲ ಸೊಪ್ಪೋ ಅವರೆಕಾಯೋ ತರುತ್ತಿದ್ದಳು, ಸೊಪ್ಪಿನ ಬೇರಿನ ಮಣ್ಣು ತೊಳೆದೇ ತರುತ್ತಿದ್ದಳು. ಸ್ವಂತದ್ದೊಂದು ಹಳೆ ಪಿಕಪ್ ತೆಗೆದುಕೊಂಡು, ಊರಿನ ರೇಷ್ಮೆಗೂಡು ರಾಮನಗರದ ಮಾರುಕಟ್ಟೆಗೆ ಸಾಗಿಸಬೇಕು ಅನ್ನುವುದು ಅವರ ಆಸೆ. ಚನ್ನಪಟ್ಟಣದ ಆಚೆ ಒಂದು ಹಳ್ಳಿಯಲ್ಲಿ ಗಾಡಿ ಸಿಕ್ಕಿತು. ಮಾರುವವರು ವಯಸ್ಸಾದವರು, ಮೋಸದ ಮನುಷ್ಯರಲ್ಲ. ಇದನ್ನು ಒತ್ತಿ ಹೇಳುತ್ತೇನೆ.

ಶುಕ್ರವಾರ ಹೋದೆವು. ಸಿದ್ದರಾಜು, ಭಾಗ್ಯ, ಸಿದ್ದರಾಜುವಿನ ತಾಯಿ ಕೆಂಪಮ್ಮ, ನಾವಿಬ್ಬರು. ಹತ್ತೂವರೆಗೆ ರಾಹುಕಾಲ, ಅದರ ಮೊದಲೇ ಕೀ ಕೈಗೆ ಬರಬೇಕು ಅಂತ ಕೆಂಪಮ್ಮ ಟವೆಲ್ಲಿನಲ್ಲಿ ತೆಂಗಿನಕಾಯಿ, ನಿಂಬೆಹಣ್ಣು ಕಟ್ಟಿಕೊಂಡೇ ಬಂದಿದ್ದರು. ಅಲ್ಲಿ ಹೋದರೆ ಆ ಯಜಮಾನರು ಬೆಳಗ್ಗೆಯೇ ಗಾಡಿ ಕೆರೆಗೆ ಒಯ್ದು ತೊಳೆದು, ತಂದು ಪೂರ್ವಕ್ಕೆ ಮುಖ ಮಾಡಿ ನಿಲ್ಲಿಸಿ, ಪೂಜೆ ಮಾಡಿಟ್ಟಿದ್ದಾರೆ. "ಮನೆ ಲಕ್ಷ್ಮಿ ಕಣಮ್ಮ, ಕೊಳೆಲಿ ಕಳ್ಸಕ್ಕಾಯ್ತದಾ?" ಅಂದರು.

ಬಾನೆಟ್ಟಿನ ಮೇಲೆ ಅರಿಶಿನ ಕುಂಕುಮ ಹಚ್ಚಿತ್ತು. ಅದನ್ನು ತಪ್ಪಿಸಿ ಅಂಗೈ ಇಟ್ಟೆ. ಆಗ ತಾನೇ ಇಳಿಸಿದ ಹಾಲಿನ ಪಾತ್ರೆಯ ಹಾಗೆ ಬೆಚ್ಚಗಿತ್ತು.

ಸವೆದ ಪಿಸ್ಟನ್ ತಣ್ಣಗಿದ್ದಾಗ ಸಡಿಲವಾಗಿದ್ದು ಗೋಡೆಗೆ ಬಡಿಯುತ್ತದೆ, ಸದ್ದು ಕೇಳುತ್ತದೆ. ಬಿಸಿಯಾದರೆ ಹಿಗ್ಗಿ ಕೂರುತ್ತದೆ, ಸದ್ದು ಅಡಗುತ್ತದೆ. ಇದು ನಮ್ಮವರು ನನಗೆ ಕಲಿಸಿದ ಮೊದಲ ಪಾಠ. ಅವರ ಅಂಗೈ ಕಾಯಿಕಟ್ಟಿ ಚಪ್ಪಲಿಯ ಹಾಗಾಗಿತ್ತು. ಬಿಸಿ ನೋಡುವುದೂ ನನ್ನದೇ ಪಾಲು. ಆ ಎಂಜಿನ್ ಆರಬೇಕಾದರೆ ಮಧ್ಯಾಹ್ನ ದಾಟುತ್ತಿತ್ತು.

"ಅಕ್ಕ, ಒಸಿ ಬೇಗ. ಅತ್ತೆ ಗಡಿಯಾರ ನೋಡ್ತಾವ್ರೆ" ಅಂತ ಭಾಗ್ಯ ನನ್ನ ಕಿವಿಯಲ್ಲಿ ಹೇಳಿದಳು. ಅವಳು ಹೊಸ ಸೀರೆ ಉಟ್ಟಿದ್ದಳು, ಅಂಚಿನಲ್ಲಿ ಅಂಗಡಿಯ ಚೀಟಿಯ ಅಂಟು ಇನ್ನೂ ಇತ್ತು. ಎಂಜಿನ್ ಚಾಲೂ ಆಯಿತು. ಕೇಳಿದೆ. ತುಂಬ ಆಳದಲ್ಲಿ, ಪಕ್ಕದ ಮನೆಯ ಗೋಡೆಯಾಚೆ ಯಾರೋ ಮೆಲ್ಲಗೆ ತಟ್ಟಿದ ಹಾಗೆ ಏನೋ ಇತ್ತು, ಇರಲಿಲ್ಲ. ನಮ್ಮವರು ಹುಬ್ಬೆತ್ತಿ ನನ್ನ ಕಡೆ ನೋಡಿದರು. ಬೆಚ್ಚಗಿದೆ, ಕಾಯೋಣ ಅನ್ನುವುದಕ್ಕೆ ನಮ್ಮಲ್ಲಿ ಒತ್ತುವ ಗುರುತು ಇರಲಿಲ್ಲ, ಬಾಯಿಬಿಟ್ಟು ಹೇಳಬೇಕಿತ್ತು. ಅಷ್ಟು ಜನರ ಮುಂದೆ, ಹಚ್ಚಿದ ಊದುಬತ್ತಿಯ ಮುಂದೆ, ಹೇಗೆ ಹೇಳಲಿ ಅನ್ನಿಸಿತು.

ಎರಡು ಸಲ ಒತ್ತಿದೆ.

"ತಕ್ಕೊಳ್ಳಿ" ಅಂದರು ನಮ್ಮವರು. ಕೆಂಪಮ್ಮ ಕಾಯಿ ಒಡೆದರು. ಹತ್ತೂವರೆಗೆ ಇನ್ನೂ ಹತ್ತು ನಿಮಿಷವಿತ್ತು.

ಮೂರು ತಿಂಗಳಾದ ಮೇಲೆ ಗೂಡು ತುಂಬಿಕೊಂಡು ಏರು ಹತ್ತುವಾಗ ಪಿಸ್ಟನ್ ಒಡೆದು ಎಂಜಿನ್ ಕಚ್ಚಿಕೊಂಡಿತು. ಎಂಜಿನ್ ನಿಂತರೆ ಬ್ರೇಕ್ ಕಲ್ಲಾಗುತ್ತದೆ, ಎಷ್ಟು ತುಳಿದರೂ ಹಿಡಿಯುವುದಿಲ್ಲ. ಗಾಡಿ ಹಿಂದಕ್ಕೆ ಜಾರಿ ಮೋರಿಗೆ ಮಗುಚಿತು. ಸಿದ್ದರಾಜುವಿನ ಜೀವ ಉಳಿಯಿತು. ಬಲಗಾಲು ಮೊಣಕಾಲಿನ ಕೆಳಗೆ ಉಳಿಯಲಿಲ್ಲ.

ಅವನು ಆಸ್ಪತ್ರೆಯಿಂದ ಬಂದ ವಾರ ನೋಡಲು ಹೋದೆವು. ನಾನು ಬ್ರೆಡ್ಡು, ಮೂಸಂಬಿ ಹಿಡಿದುಕೊಂಡಿದ್ದೆ. ಜಗುಲಿಯ ಮೇಲೆ ಒಂದೇ ಚಪ್ಪಲಿ ಇತ್ತು, ಎಡಗಾಲಿನದು. ಕೆಂಪಮ್ಮ ಒಳಗಿನಿಂದ ಬಂದವರು ನಮ್ಮನ್ನು ಕೂರಿ ಅನ್ನಲಿಲ್ಲ. ಸೆರಗಿನಲ್ಲಿ ಬಾಯಿ ಒರೆಸಿಕೊಳ್ಳುತ್ತ, ಮುಖ ಪಕ್ಕಕ್ಕೆ ತಿರುಗಿಸಿ ಹೇಳಿದರು. ಹಾಗಾಗಿ ನಮ್ಮವರಿಗೆ ತುಟಿ ಕಾಣಲಿಲ್ಲ. ಅವರು ನನ್ನ ಕಡೆ ನೋಡಿದರು, ಏನಂದರು ಅನ್ನುವ ಹಾಗೆ.

ಬೇರೆಯವರ ಮಾತನ್ನು ನಮ್ಮವರ ಎದುರು ನಿಂತು, ತುಟಿ ಬಿಡಿಸಿ ಹೇಳುವುದು ನನಗೆ ರೂಢಿಯಾಗಿತ್ತು. ಅವತ್ತೂ ಹೇಳಬೇಕಾಯಿತು. "'ನಿನ್ ಕಿವಿ ನಂಬ್ಕೊಂಡು ತಕ್ಕೊಂಡ್ವಲ್ಲಪ್ಪ ಮಾದಣ್ಣ. ನನ್ ಮಗನ್ ಕಾಲು ತಂದ್ಕೊಡ್ತೀಯಾ' ಅಂತಿದಾರೆ."

ಅವರು ಸ್ವಲ್ಪ ಹೊತ್ತು ನನ್ನ ತುಟಿಯನ್ನೇ ನೋಡಿದರು. ಮಾತು ಮುಗಿದಿದೆಯೋ ಇಲ್ಲವೋ ಅಂತ ನೋಡುವ ಹಾಗೆ. ನಾನು ಇನ್ನೊಂದು ಮಾತು ಸೇರಿಸಲು ಅದೇ ಹೊತ್ತು. ನಾನು ಬಾಯಿ ಮುಚ್ಚಿಕೊಂಡಿದ್ದೆ.

"ನನ್ ಕಿವಿ ಕೇಳಕಿಲ್ಲ ಕಣವ್ವ" ಅಂದರು. ಯಾರ ಮುಂದೆಯೂ ಆಡದ ಮಾತು. "ಹನ್ನೊಂದು ವರ್ಷಾಯ್ತು. ಕೇಳ್ದಂಗೆ ನಟನೆ ಮಾಡ್ದೆ. ತಪ್ಪು ನಂದು. ನಂದೊಬ್ಬಂದೇ."

ಭಾಗ್ಯ ಒಳಬಾಗಿಲಲ್ಲಿ ನಿಂತಿದ್ದಳು. ಕೆಂಪಮ್ಮ ತಿರುಗಿದರು. "ಕಿವುಡ್ ನನ್ಮಗ್ನೇ" ಅಂದರು. ಅದನ್ನು ನಾನು ಹೇಳಬೇಕಾಗಲಿಲ್ಲ, ಈ ಸಲ ತುಟಿ ಕಾಣುತ್ತಿತ್ತು.

ವಾಪಸು ಬರುವಾಗ ಬಸ್ಸಿನಲ್ಲಿ ಹೇಳಿದೆ. "ರೀ, ಅವತ್ತು ಬಾನೆಟ್ ಬೆಚ್ಚಗಿತ್ತು. ನನಗೆ ಗೊತ್ತಿತ್ತು." ಮುಂದಿನ ಸೀಟಿನ ಕಂಬಿ ನೋಡುತ್ತ ಹೇಳಿದೆ. ಅವರು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು, ಕೇಳಿಸಲಿಲ್ಲ. ತೋಳು ಮುಟ್ಟಿ ತಿರುಗಿಸಿ ಇನ್ನೊಮ್ಮೆ ಹೇಳಬಹುದಿತ್ತು. ಹೇಳಲಿಲ್ಲ.

ಸುದ್ದಿ ಹರಡಲು ವಾರ ಬೇಕಾಗಲಿಲ್ಲ. ಮಾದಣ್ಣ ಹೋಗಿ ಕಿವುಡ ಮಾದಣ್ಣ ಆಯಿತು. ಗಾಡಿ ಬರುವುದು ನಿಂತಿತು. ಅವರು ಬೆಳಗ್ಗೆ ಷೆಡ್ಡಿನ ಬಾಗಿಲು ಎತ್ತಿ, ಸ್ಪ್ಯಾನರುಗಳನ್ನು ಅಳತೆಯ ಪ್ರಕಾರ ಜೋಡಿಸಿ, ಒರೆಸಿ, ಸಂಜೆ ಬಾಗಿಲು ಇಳಿಸುತ್ತಿದ್ದರು. ನನ್ನ ಮೇಲೆ ಒಂದು ಮಾತಿಲ್ಲ. ಅವಳಿಗೆ ಕೇಳಿಸಲಿಲ್ಲ, ಅದಕ್ಕೇ ತಪ್ಪಿತು ಅಂದುಕೊಂಡೇ ಇದ್ದರು. ಎರಡು ವರ್ಷ ಹಾಗೆ ಕಳೆದು, ಒಂದು ಬೆಳಗ್ಗೆ ಷೆಡ್ಡಿನ ಬಾಗಿಲ ಹತ್ತಿರವೇ ಎದೆ ಹಿಡಿದುಕೊಂಡು ಕೂತವರು ಏಳಲಿಲ್ಲ.

ಆ ಹೆಣ್ಣುಮಕ್ಕಳು ಬಂದು ಹಲ್ಲಿನ ಗುರುತು ಕೇಳಿ ಹೋದ ಮಾರನೆಯ ದಿನ ನಾನು ಮರಳವಾಡಿಯ ಬಸ್ಸು ಹತ್ತಿದೆ. ಸ್ಕ್ರೂಡ್ರೈವರನ್ನು ಪೇಪರಿನಲ್ಲಿ ಸುತ್ತಿ ಚೀಲದಲ್ಲಿಟ್ಟುಕೊಂಡಿದ್ದೆ. ಯಾಕೆ ಅಂತ ನನಗೂ ಗೊತ್ತಿರಲಿಲ್ಲ.

ಮನೆಯ ಮುಂದೆ ಹೊಂಗೆಮರದ ಕೆಳಗೆ ಅದೇ ಪಿಕಪ್ ನಿಂತಿತ್ತು. ಎಂಜಿನ್ ಇನ್ನೂ ಓಡುತ್ತಿತ್ತು. ಬಾಗಿಲು ತೆಗೆದು ಇಳಿದವಳು ಭಾಗ್ಯ. ಸೀರೆಯ ಮೇಲೆ ಗಂಡನ ಅಂಗಿ ಹಾಕಿಕೊಂಡಿದ್ದಳು. ಬೇರೆ ಹಳೆ ಎಂಜಿನ್ ಕೂರಿಸಿ, ಲೈಸೆನ್ಸ್ ಮಾಡಿಸಿ, ಗೂಡು, ತರಕಾರಿ ಅವಳೇ ಸಾಗಿಸುತ್ತಾಳಂತೆ. ಜಗುಲಿಯಲ್ಲಿ ಊರುಗೋಲು ಪಕ್ಕಕ್ಕಿಟ್ಟುಕೊಂಡು ಕೂತಿದ್ದ ಸಿದ್ದರಾಜು ನನ್ನನ್ನು ನೋಡಿ, "ಬನ್ನಿ ಕಾನ್ವೆಂಟಮ್ಮ" ಅಂದ. ಕೆಂಪಮ್ಮ ತೀರಿಕೊಂಡು ವರ್ಷವಾಗಿತ್ತು.

ಕೂರುವ ಮೊದಲೇ ಹೇಳಿಬಿಟ್ಟೆ. ಅವರಿಗೆ ಕಿವಿ ಕೇಳದಿದ್ದಾಗ ಕೇಳುತ್ತಿದ್ದವಳು ನಾನು, ಅವತ್ತು ಬಾನೆಟ್ ಬೆಚ್ಚಗಿದ್ದದ್ದು ಗೊತ್ತಿದ್ದೂ ಎರಡು ಸಲ ಒತ್ತಿದವಳು ನಾನು ಅಂದೆ. ಎಂಜಿನ್ ಸದ್ದಿನಲ್ಲಿ ಗಟ್ಟಿಯಾಗಿಯೇ ಹೇಳಬೇಕಾಯಿತು.

ಸಿದ್ದರಾಜು ನೆಲ ನೋಡಿದ. ಭಾಗ್ಯ ಗಾಡಿಗೆ ಒರಗಿ ನಿಂತಿದ್ದಳು.

"ಮಾದಣ್ಣ ಇದ್ದಾಗ ಯೋಳ್ಬೇಕಿತ್ತು ಕಣಕ್ಕ" ಅಂದಳು. "ನಮ್ಮತ್ತೆ ಸಾಯೋಗಂಟ ಆಯಪ್ಪನ್ನ ಬಯ್ಕೊಂಡೇ ಸತ್ರು. ನಾನೂ ಬಯ್ದಿವ್ನಿ. ಈಗ ಅದ್ನ ಯಾರ್ ತವ ವಾಪಸ್ ಕೇಳ್ಲಿ?"

ಹೊರಡಲು ಚೀಲ ಎತ್ತಿಕೊಂಡೆ. ಪೇಪರ್ ಹರಿದು ಸ್ಕ್ರೂಡ್ರೈವರಿನ ಹಿಡಿ ಹೊರಗೆ ಕಾಣುತ್ತಿತ್ತು. ಭಾಗ್ಯ ಅದನ್ನು ನೋಡಿದಳು.

"ಹದಿನೈದು ದಿನದಿಂದ ಏನೋ ಸದ್ದು ಬತ್ತಾದೆ" ಅಂದಳು, ನನ್ನ ಕಡೆ ತಿರುಗದೆ. "ಒಸಿ ಕೇಳಿ ಯೋಳು."

ಗಾಡಿಯ ಹತ್ತಿರ ಹೋಗಿ ಬಾನೆಟ್ಟಿನ ಮೇಲೆ ಅಂಗೈ ಇಟ್ಟೆ. ಸುಡುತ್ತಿತ್ತು.

"ಆಫ್ ಮಾಡು" ಅಂದೆ. "ಆರಲಿ."

"ಸಾಯಂಕಾಲ ಆಯ್ತದಲ್ಲಕ್ಕ. ನಿನ್ ಬಸ್ಸು?"

"ಆಗ್ಲಿ."

ಅವಳು ಕೀ ತಿರುಗಿಸಿದಳು. ಸದ್ದು ನಿಂತಿತು. ಸಿದ್ದರಾಜು ಜಗುಲಿಯ ಮೇಲೆ ಸ್ವಲ್ಪ ಸರಿದು ಜಾಗ ಮಾಡಿದ. ನಾನು ಕೂತೆ. ಭಾಗ್ಯ ಒಂದು ಮೊರ ಅವರೆಕಾಯಿ ತಂದು ನಡುವೆ ಇಟ್ಟಳು. ಮೂವರೂ ಕಾಯಿ ಬಿಡಿಸುತ್ತ, ಎಂಜಿನ್ ತಣ್ಣಗಾಗುವುದನ್ನು ಕಾಯುತ್ತ ಕೂತೆವು.